ಎಡಗಡೆಯ ಸೀಟಿನ ತೂಕ

ನಮ್ಮ ಮನೆಯ ಮುಂದಿನ ಗ್ಯಾಲರಿಯಲ್ಲಿ ತುಳಸಿ ಈಗ ಮತ್ತೆ ತನ್ನ ಸ್ಥಾನಕ್ಕೆ ಬಂದಿದ್ದಾಳೆ. ಅನೇಕ ವರ್ಷಗಳ ಕಾಲ ಆ ತಾಯಿ ಅಡುಗೆಮನೆಯ ಕಿಟಕಿಯ ಸರಳುಗಳಾಚೆ, ಒಣಹಾಕಿದ ಬಟ್ಟೆಗಳ ನೆರಳಿನಲ್ಲಿ, ದೊರೆತಷ್ಟು ಬಿಸಿಲಿಗೆ ತೃಪ್ತಳಾಗಿ ಬಾಳಿದಳು. ಅವಳ ಸ್ಥಾನವನ್ನು ಆಕ್ರಮಿಸಿಕೊಂಡಿದ್ದದ್ದು ಒಂದು ಕಾರು. ಇಡಿಯ ಕಾರಲ್ಲ, ಕಾರಿನಿಂದ ಬೇಡವೆಂದು ಕಳಚಿ ತಂದ ಭಾಗಗಳು. ಅವುಗಳ ಒಡೆಯರು ನಮ್ಮ ಎದುರುಮನೆಯವರು. ಕಳೆದ ತಿಂಗಳು ಅವರ ವರ್ಷಾಬ್ದಿಕ ಮುಗಿಯಿತು. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂದು ಹಿರಿಯರು ನನಗೆ ಕಲಿಸಿದ್ದಾರೆ. ಅದನ್ನು ಪಾಲಿಸಲು ಒಂದು ವರ್ಷ ಪ್ರಾಮಾಣಿಕವಾಗಿ ಪ್ರಯತ್ನಪಟ್ಟಿದ್ದೇನೆ. ಈಗ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ: ಅಷ್ಟು ಸಜ್ಜನರಾದ, ಅಷ್ಟು ಬುದ್ಧಿಶಾಲಿಗಳಾದ, ಮತ್ತು ಅಷ್ಟು ತಾಳ್ಮೆಗೆಡಿಸುವ ಇನ್ನೊಬ್ಬ ಮನುಷ್ಯನನ್ನು ಭಗವಂತನು ನನ್ನ ಎದುರುಬಾಗಿಲಿಗೆ ಮತ್ತೊಮ್ಮೆ ತಂದಿಡದಿರಲಿ.

ಅವರು ಮೈಸೂರಿನವರು. ಠಾಣೆಯ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ, ತಯಾರಾದ ವಸ್ತುಗಳ ಅಳತೆ ಸರಿಯಿದೆಯೇ ಇಲ್ಲವೇ ಎಂದು ಪರೀಕ್ಷಿಸುವ ವಿಭಾಗದ ಮುಖ್ಯಸ್ಥರಾಗಿದ್ದರು. ನಾನು ಮುಂಬಯಿಯ ಹೊರವಲಯದ ಡೊಂಬಿವಲಿಯ ಕನ್ನಡ ಶಾಲೆಯೊಂದರಲ್ಲಿ ಸಂಸ್ಕೃತ, ಕನ್ನಡ ಕಲಿಸಿ ನಿವೃತ್ತನಾದವನು. ಮೂಲ ಧಾರವಾಡ ಸೀಮೆ. ಡೊಂಬಿವಲಿಯ ಒಂದೇ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಎದುರುಬದುರು ಬಾಗಿಲುಗಳಲ್ಲಿ ನಮ್ಮಿಬ್ಬರ ಸಂಸಾರಗಳು ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಬಾಳಿದವು. ಅವರು ನನ್ನನ್ನು "ಆಚಾರ್ರೆ" ಎಂದೇ ಕರೆಯುತ್ತಿದ್ದರು. ಆ ಕರೆ ನಮ್ಮ ಬಾಗಿಲಲ್ಲಿ ಕೇಳಿಸಿತೆಂದರೆ ಅವರ ಕೈಯಲ್ಲಿ ಏನೋ ಒಂದು ಕಬ್ಬಿಣದ ವಸ್ತುವಿದೆಯೆಂದೇ ಅರ್ಥ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅವರಿಗೆ ಆ ಕಾರು ಒದಗಿತು. ಠಾಣೆಯ ಹಳೆಯ ಕಾರ್ಖಾನೆಯ ಮಾಲೀಕನೊಬ್ಬ ತೀರಿಕೊಂಡಾಗ, ಅವನ ಶೆಡ್ಡಿನಲ್ಲಿ ಒಂದೇ ಮಾದರಿಯ ಎರಡು ಕಾರುಗಳು ಸಿಕ್ಕವು. ವಿಲಾಯತಿಯಲ್ಲಿ ತಯಾರಾದವು, ಎರಡೇ ಸೀಟಿನವು, ನೆಲಕ್ಕೆ ತಾಗುವಷ್ಟು ಗಿಡ್ಡನೆಯ ಹಳೆಯ ಸ್ಪೋರ್ಟ್ಸ್ ಕಾರುಗಳು. ಒಂದನ್ನು ಇವರು ಕೊಂಡರು. ಇನ್ನೊಂದನ್ನು ಅದೇ ವಿಭಾಗದಲ್ಲಿ ಇವರ ಜೊತೆಗಿದ್ದ, ನವಿ ಮುಂಬಯಿಯ ನೆರೂಳದಲ್ಲಿ ಮನೆಮಾಡಿಕೊಂಡಿದ್ದ ಗೆಳೆಯರು ಕೊಂಡರು. ಈ ಗೆಳೆಯರು ಉಡುಪಿ ಕಡೆಯವರು, ಕಡ್ಡಿಯಂಥ ಶರೀರ, ಹರಿತವಾದ ನಾಲಗೆ. ಅಲ್ಲಿಗೆ ಇಬ್ಬರ ಸುಖವೂ ಪೂರ್ಣವಾಗಬೇಕಾಗಿತ್ತು. ಆದರೆ ಒಂದೇ ಮಾದರಿಯ ಎರಡು ವಸ್ತುಗಳು ಇಬ್ಬರು ಅಳತೆಗಾರರ ಕೈಗೆ ಸಿಕ್ಕರೆ ಸುಖವೆಲ್ಲಿಂದ ಬರಬೇಕು? ಎರಡೂ ಕಾರುಗಳ ಹಳೆಯ ಎಂಜಿನ್ನು ಕೆಟ್ಟಿತ್ತು. ಇಬ್ಬರೂ ಬೇರೆ ಬೇರೆ ಗುಜರಿಯಿಂದ ಬೇರೆ ಬೇರೆ ಎಂಜಿನ್ನು ತಂದು ಕೂಡಿಸಿದರು. ಯಾರ ಕಾರು ಈಗ ಹೆಚ್ಚು ಹಗುರ ಎಂಬ ಪ್ರಶ್ನೆ ಆ ದಿನ ಹುಟ್ಟಿತು.

ಆ ಕಾರಿನ ಆರಂಭದ ದಿನಗಳು ಮಾತ್ರ ನನಗೆ ಇಂದಿಗೂ ಪ್ರಿಯ. ಅವರ ಪತ್ನಿಗೆ ಹತ್ತಿರದ ಟಿಟ್ವಾಳಾದ ಗಣಪತಿಯಲ್ಲಿ ಅಪಾರ ಶ್ರದ್ಧೆ. ಪ್ರತಿ ಸಂಕಷ್ಟ ಚತುರ್ಥಿಯ ಸಂಜೆ ಅವರು ಗರಿಕೆಯ ಪೊಟ್ಟಣ ಹಿಡಿದು ಕೆಳಗಿಳಿಯುವುದು, ಪತಿ ಕಾರಿನ ಎಡಬಾಗಿಲು ತೆರೆದು ನಿಲ್ಲುವುದು ನಮ್ಮ ಕಟ್ಟಡದವರೆಲ್ಲರೂ ಗ್ಯಾಲರಿಗೆ ಬಂದು ನೋಡುವ ನೋಟವಾಗಿತ್ತು. ಅಂಥ ಒಂದು ಸಂಜೆ ಅವರು ನನ್ನನ್ನು ಕರೆದು ಎಡಚಕ್ರದ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂಡಿಸಿದರು.

"ಆಚಾರ್ರೆ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ಇಡಿ. ಎಷ್ಟು ಬೆರಳು?"

"ನಾಲ್ಕು."

"ಏ, ಈಗ ಕೂತ್ಕೋ."

ಆಕೆ ಕುಳಿತರು. ಸ್ಪ್ರಿಂಗು ಮೆಲ್ಲನೆ ತಗ್ಗಿತು. ನನ್ನ ಕಿರುಬೆರಳು ಇಕ್ಕಟ್ಟಿಗೆ ಸಿಕ್ಕಿತು.

"ಈಗ ಮೂರು. ನೋಡಿದ್ರಾ? ಒಂದು ಬೆರಳು," ಎಂದು ಅವರು ಅಪೂರ್ವವಾದುದನ್ನು ತೋರಿಸಿದವರಂತೆ ನಕ್ಕರು.

"ನನ್ನ ತೂಕಾನ ಬೀದೀಲಿ ಅಳೆದಿದ್ದು ಆಯ್ತಾ?" ಎಂದು ಒಳಗಿನಿಂದ ಆಕೆ ಕೇಳಿದರು. "ಹೊರಡಿ ಇನ್ನು. ಚಂದ್ರ ಬಂದುಬಿಡ್ತಾನೆ."

ಅದು ಪ್ರೀತಿಯೆಂದೇ ನಾನು ಅಂದು ತಿಳಿದೆ. ಈಗಲೂ ಹಾಗೆಯೇ ತಿಳಿಯಲು ಇಷ್ಟಪಡುತ್ತೇನೆ. ಆದರೆ ಆ ಒಂದು ಬೆರಳು ಅವರ ತಲೆಯೊಳಗೆ ಹೋಗಿ ಕುಳಿತುಬಿಟ್ಟಿತು.

ಮೊದಲು ಬಂದದ್ದು ಹಿಂದಿನ ಬಂಪರು. ಅದರ ತೂಕ ತಿಳಿಯಬೇಕೆಂದು ಅವರು ನನ್ನನ್ನೂ ಕರೆದುಕೊಂಡು ಡೊಂಬಿವಲಿ ಸ್ಟೇಷನ್ನಿಗೆ ಹೊರಟರು. ಆಗ ಪ್ಲಾಟ್‌ಫಾರ್ಮಿನಲ್ಲಿ ಬಣ್ಣದ ದೀಪಗಳು ಸುತ್ತುವ ತೂಕದ ಯಂತ್ರವೊಂದಿತ್ತು. ನಾಣ್ಯ ಹಾಕಿದರೆ ತೂಕವನ್ನೂ ಭವಿಷ್ಯವನ್ನೂ ಒಂದೇ ಚೀಟಿಯಲ್ಲಿ ಕೊಡುತ್ತಿತ್ತು. ಅವರು ಮೊದಲು ತಾವೊಬ್ಬರೇ ನಿಂತರು. ಅನಂತರ ಬಂಪರನ್ನು ಮಗುವಿನಂತೆ ಎತ್ತಿಕೊಂಡು ನಿಂತರು. ಎರಡನೆಯದರಿಂದ ಮೊದಲನೆಯದನ್ನು ಕಳೆದರು. ಲೋಕಲ್ ರೈಲಿನಿಂದಿಳಿದ ಜನ ಸುತ್ತ ನೆರೆಯಿತು. ರೈಲ್ವೆ ಪೊಲೀಸನೊಬ್ಬ ಬಂದು, ಇದು ಯಾವ ಗಾಡಿಯದು, ಎಲ್ಲಿಂದ ಕಿತ್ತದ್ದು ಎಂದು ಹಿಂದಿಯಲ್ಲಿ ವಿಚಾರಿಸಿದ. ಇವರು ಅವನಿಗೆ ಭಾರದಿಂದ ವೇಗಕ್ಕಾಗುವ ಹಾನಿಯನ್ನು ವಿವರಿಸತೊಡಗಿದರು. ಪಂಚೆ, ಉತ್ತರೀಯ, ಹಣೆಯ ಮೇಲಿನ ಅಂಗಾರಾಕ್ಷತೆಯ ಸಮೇತ ಆ ಗುಂಪಿನ ನಡುವೆ ನಾನು ನಿಂತಿದ್ದೆ. ಪೊಲೀಸನು ನನ್ನತ್ತ ತಿರುಗಿ, "ಬಾಬಾ, ನೀವಾದರೂ ಹೇಳಿ" ಎಂದಾಗ ನಾನು ತೂಕದ ಚೀಟಿಯ ಮೇಲಿನ ಭವಿಷ್ಯವನ್ನು ಓದಿ ಹೇಳಿದೆ.

ಆ ಬಂಪರು ನಮ್ಮ ಗ್ಯಾಲರಿಗೆ ಬಂದಿತು. ಅವರ ಮನೆಯಲ್ಲಿ ಜಾಗವಿಲ್ಲ, ಸೊಸೈಟಿಯವರು ಕೆಳಗೆ ಇಡಗೊಡುವುದಿಲ್ಲ, ಗುಜರಿಗೆ ಹಾಕಲು ಮನಸ್ಸಿಲ್ಲ. ಬಂಪರಿನ ಹಿಂದೆ ಹೀಟರು, ನೆಲಹಾಸು, ಬಾಗಿಲುಗಳ ಒಳಹೊದಿಕೆ, ಕಿಟಕಿಯ ಗಾಜು ಬಂದವು. ಕಾರು ಹಗುರಾದಷ್ಟೂ ನಮ್ಮ ಮನೆ ಭಾರವಾಯಿತು. ವಿಜಾಪುರ ಕಡೆಯ ನಮ್ಮ ವಾಚ್‌ಮನ್ ಒಂದು ದಿನ ನನ್ನನ್ನು ಮೆಟ್ಟಿಲ ಬಳಿ ತಡೆದು, "ಅಜ್ಜಾರ, ಅರ್ಧಾ ಗಾಡಿ ನಿಮ್ಮ ಮನ್ಯಾಗ ಹೋಗೇತಿ. ಉಳಿದರ್ಧಾನೂ ಮ್ಯಾಲ ಒಯ್ದರ ನನಗ ತೊಳಿಯೂ ತ್ರಾಸ ತಪ್ಪತೈತಿ ನೋಡ್ರಿ," ಎಂದ.

ಇದೆಲ್ಲವನ್ನೂ ಸಹಿಸಬಹುದಿತ್ತು. ಆದರೆ ಆಯುಧಪೂಜೆಯ ದಿನ ನಾನೇ ಮಂತ್ರಪೂರ್ವಕವಾಗಿ ಕಾರಿನಲ್ಲಿ ಪ್ರತಿಷ್ಠಾಪಿಸಿದ್ದ ಹಿತ್ತಾಳೆಯ ಪುಟ್ಟ ಗಣಪತಿಯನ್ನೂ ಅವರು ಒಂದು ಮುಂಜಾನೆ ಕರವಸ್ತ್ರದಲ್ಲಿ ಸುತ್ತಿ ತಂದರು.

"ಇನ್ನೂರು ಗ್ರಾಮ್ ಇದೆ ಆಚಾರ್ರೆ. ನಿಮ್ಮನೇಲಿದ್ರೆ ದಿನಾ ಪೂಜೆ ಆದ್ರೂ ಆಗುತ್ತೆ."

"ದೇವರನ್ನೂ ತೂಗಿದಿರಾ?" ಎಂದೆ.

"ದೇವರಿಗೆ ಭಾರ ಇಲ್ಲ ಅಂತ ಹೋದ ಶನಿವಾರ ಪ್ರವಚನದಲ್ಲಿ ನೀವೇ ಹೇಳಿದ್ರಿ. ಭಾರ ಇರೋದು ಹಿತ್ತಾಳೆಗೆ. ದೇವರನ್ನ ಅಲ್ಲೇ ಬಿಟ್ಟಿದ್ದೀನಿ. ಹಿತ್ತಾಳೆ ಮಾತ್ರ ತಂದಿದ್ದೀನಿ."

ಆ ಹಿತ್ತಾಳೆಯನ್ನು ಕಣ್ಣಿಗೊತ್ತಿಕೊಂಡು ದೇವರ ಕೋಣೆಗೆ ಒಯ್ದೆ.

ನನ್ನ ಶನಿವಾರದ ಪ್ರವಚನಗಳಿಗೆ ಅವರು ತಪ್ಪದೆ ಬರುತ್ತಿದ್ದರು, ಮೊದಲ ಸಾಲಿನಲ್ಲಿ ಕುಳಿತು ಕಣ್ಣುಮುಚ್ಚಿ ಕೇಳುತ್ತಿದ್ದರು. ಒಮ್ಮೆ, ಭಗವಂತನು ಕುಳಿತ, ಚಿನ್ನದ ರಾಶಿಗೂ ಮೇಲೇಳದ ತಕ್ಕಡಿಯ ತಟ್ಟೆಯನ್ನು ಭಕ್ತಿಯಿಂದಿಟ್ಟ ಒಂದೇ ಒಂದು ತುಳಸೀದಳ ಮೇಲೆತ್ತಿದ ಕಥೆಯನ್ನು ಹೇಳಿದೆ. ಸಭೆಯಲ್ಲಿ ಅನೇಕರು ಕಣ್ಣೊರೆಸಿಕೊಂಡರು. ಮಂಗಳಾರತಿಯಾದ ಮೇಲೆ ಇವರು ಬಳಿಗೆ ಬಂದು ಬಹಳ ವಿನಯದಿಂದ, "ಆ ತಕ್ಕಡಿ ಕನಿಷ್ಠ ಎಷ್ಟು ತೂಕಕ್ಕೆ ಅಲ್ಲಾಡ್ತಿತ್ತು ಆಚಾರ್ರೆ? ತುಳಸಿ ಎಲೆಯಷ್ಟು ಸಣ್ಣ ವ್ಯತ್ಯಾಸ ತೋರಿಸೋ ತಕ್ಕಡೀಲಿ ಅಷ್ಟು ಚಿನ್ನ ಹೇರಬಾರದು. ಕೆಟ್ಟುಹೋಗುತ್ತೆ," ಎಂದರು. ಯಾವ ತಕ್ಕಡಿಗೂ ಅದರ ಕಣ್ಣಿಗೆ ಬೀಳದಷ್ಟು ಸಣ್ಣ ತೂಕವೊಂದಿರುತ್ತದೆ, ತೂಗುವವನು ಮೊಟ್ಟಮೊದಲು ತಿಳಿಯಬೇಕಾದದ್ದು ಅದನ್ನೇ ಎಂದು ದಾರಿಯುದ್ದಕ್ಕೂ ನನಗೆ ಬೋಧಿಸಿದರು. ಓದುಗರು ಈ ಮಾತನ್ನು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು. ಅವರು ಇಟ್ಟುಕೊಳ್ಳಲಿಲ್ಲ.

ಕಡೆಗೆ ಎಡಗಡೆಯ ಸೀಟಿನ ಸರದಿ ಬಂತು. ಅದನ್ನು ಅವರು ತಲೆಯ ಮೇಲೆ ಹೊತ್ತು ಮೂರು ಮಾಳಿಗೆ ಹತ್ತಿ ಬಂದರು. ಅವರ ಪತ್ನಿ ಬಾಗಿಲಲ್ಲೇ ನಿಂತಿದ್ದರು.

"ಇದನ್ನ ತೆಗೆದ್ರೆ ನಾನೆಲ್ಲಿ ಕೂರ್ಲಿ?"

"ನೆರೂಳದವನ ಕಾರಿನ ಜೊತೆ ತೂಕ ನೋಡೋದೊಂದು ಮುಗೀಲಿ. ಆಮೇಲೆ ವಾಪಸ್ ಹಾಕ್ತೀನಿ. ಹದಿನಾಲ್ಕು ಕಿಲೋ ಇದೆ ಕಣೇ ಇದು. ಆಚಾರ್ರೇ ಸಾಕ್ಷಿ."

"ಕೇಳಿಸ್ಕೊಂಡ್ರಲ್ಲ ಆಚಾರ್ರೆ?" ಎಂದು ಆಕೆ ನನ್ನನ್ನು ಕೇಳಿದರು. ಕೇಳಿಸಿಕೊಂಡೆನೆಂದೆ.

ಸೀಟು ನಮ್ಮ ದೇವರ ಕೋಣೆಯ ಮಗ್ಗುಲಿಗೆ ಬಂದು ಕುಳಿತಿತು. ನನ್ನ ಮನೆಯವರು ಅದರ ಮೇಲೆ ಕುಳಿತು ಹೂ ಕಟ್ಟುತ್ತಾ, "ಛಲೋ ಆತು ಬಿಡ್ರಿ. ಆಕಿ ಮೊಣಕಾಲು ನೋವಿನ್ಯಾಗ ಲೋಕಲ್‌ದಾಗ ನಿಂತು ಹೋಗ್ತಾಳ, ನಾ ಇಲ್ಲಿ ಆಕಿ ಸೀಟಿನ್ಯಾಗ ಕೂತು ದೇವರಿಗೆ ಹೂವು ಕಟ್ಟತೇನಿ. ಇದರ ಪುಣ್ಯ ಯಾರಿಗೆ ಹೋಗ್ತದ ನೀವೇ ಹೇಳ್ರಿ, ಶಾಸ್ತ್ರ ಓದೀರಲ್ಲ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ನನಗಲ್ಲ, ಎದುರುಮನೆಗೆ ಕೇಳಿಸಲೆಂದೇ ಗಟ್ಟಿಯಾಗಿ ಬಂದದ್ದು. ಎದುರುಮನೆಯವರಿಗೆ ಕೇಳಿಸಿತು. ಅವರು ಬಂದು, ಹೂವಿನ ಬುಟ್ಟಿ ಎಷ್ಟು ಹಗುರವಾಗಿದೆ, ಇದನ್ನು ಯಾವ ಬಿದಿರಿನಿಂದ ಹೆಣೆಯುತ್ತಾರೆ ಎಂದು ವಿಚಾರಿಸಿದರು.

ತೂಕ ನೋಡುವ ದಿನ ಮಾತ್ರ ಬರಲೇ ಇಲ್ಲ. ಸಮಾನವಾದುದನ್ನು ಸಮಾನವಾದುದರೊಂದಿಗೆ ಮಾತ್ರ ಹೋಲಿಸಬೇಕೆಂಬುದು ತರ್ಕದ ಮೊದಲ ಪಾಠ. ಈ ಇಬ್ಬರು ಪಂಡಿತರು ಸಮಾನವೆಂದರೇನು ಎಂಬುದರಲ್ಲೇ ವರ್ಷಗಳನ್ನು ಕಳೆದರು. ಪೆಟ್ರೋಲು ತುಂಬಿರಬೇಕೇ, ಬರಿದಾಗಿರಬೇಕೇ? ಹೆಚ್ಚುವರಿ ಚಕ್ರ ಲೆಕ್ಕಕ್ಕೆ ಬರುತ್ತದೆಯೇ? ಓಡಿಸುವವನು ಒಳಗೋ ಹೊರಗೋ? ಭಾನುವಾರ ಭಾನುವಾರ ನನ್ನನ್ನು ವಾದಕ್ಕೆ ಮಧ್ಯಸ್ಥನನ್ನಾಗಿ ಕೂಡಿಸಿಕೊಂಡು ತಲೆಚಿಟ್ಟು ಹಿಡಿಸಿದರು.

ಓಡಿಸುವವನು ಒಳಗಿರಬೇಕೆಂದು ಒಪ್ಪಂದವಾದ ಕೆಲವು ತಿಂಗಳು ನಮ್ಮ ಎದುರುಮನೆಯವರು ಏಕಾದಶಿ ಹಿಡಿದರು. ಹನಿ ನೀರೂ ಇಲ್ಲದ ಕಟ್ಟುನಿಟ್ಟಿನ ಉಪವಾಸ. ನನಗಾದ ಆನಂದ ಅಷ್ಟಿಷ್ಟಲ್ಲ. ತುಂಬಿದ ಸಭೆಯಲ್ಲಿ ಅವರನ್ನು ಕೊಂಡಾಡಿದೆ. ಇಳಿವಯಸ್ಸಿನಲ್ಲಿಯೂ ಸಾಧನೆಗೆ ತೊಡಗಬಹುದೆಂಬುದಕ್ಕೆ ಅವರನ್ನೇ ನಿದರ್ಶನವಾಗಿ ತೋರಿಸಿದೆ. ಮುಂದೆ ನೆರೂಳದವರು ಒಂದು ಭಾನುವಾರ ಇವರ ಇಳಿದ ಹೊಟ್ಟೆಯನ್ನು ನೋಡಿ, "ಇದು ಆಗುದಿಲ್ಲ ಮಾರಾಯ. ನನ್ನ ಮೈಯಲ್ಲಿ ಇಳಿಸ್ಲಿಕ್ಕೆ ಎಂತದೂ ಇಲ್ಲ. ಡ್ರೈವರ್ ಹೊರಗೆ," ಎಂದರು. ಡ್ರೈವರ್ ಹೊರಗೆಂದು ತೀರ್ಮಾನವಾಯಿತು. ಮುಂದಿನ ಏಕಾದಶಿಯಂದು ನನ್ನ ಮನೆಯವರು ಸ್ಟೇಷನ್ ರಸ್ತೆಯಲ್ಲಿ ಅವರನ್ನು ಕಂಡರು. ಕೈಯಲ್ಲಿ ಕಾಂದಾಭಜಿಯ, ಅಂದರೆ ಈರುಳ್ಳಿ ಬಜ್ಜಿಯ, ಪೊಟ್ಟಣವಿತ್ತು.

ಇಷ್ಟರಲ್ಲಿ ಅವರಿಗೆ ನಿವೃತ್ತಿಯಾಯಿತು. ಅದಾದ ಮೇಲೆ ಒಂದು ದಿನ ನಿಜವಾಗಿಯೂ ಎರಡೂ ಕಾರುಗಳು ಭಿವಂಡಿಯ ಗೋದಾಮುಗಳ ನಡುವಣ ಒಂದು ಲಾರಿ ತೂಗುವ ಕಟ್ಟೆಗೆ ಹೋದವು. ಅದನ್ನು ಆ ಕಡೆ ಧರ್ಮಕಾಂಟಾ ಎನ್ನುತ್ತಾರೆ; ಹೆಸರು ಕೇಳಿ ನನಗೂ ಸ್ವಲ್ಪ ಗೌರವವೇ ಹುಟ್ಟಿತ್ತು. ನೆರೂಳದವರು ತಮ್ಮ ಮನೆಯಿಂದ ನೇರವಾಗಿ ಅಲ್ಲಿಗೇ ಬಂದರು; ಇವರ ಕಾರಿನಲ್ಲಿ ನನಗೆ ಸೀಟಿಲ್ಲದ್ದರಿಂದ ನಾನು ಸಾಕ್ಷಿಯಾಗಿ ರಿಕ್ಷಾ ಮಾಡಿಕೊಂಡು ಹಿಂಬಾಲಿಸಿದೆ. ಬಟ್ಟೆಯ ಬೇಲು ಹೇರಿದ ಲಾರಿಗಳ ಸಾಲಿನಲ್ಲಿ ಆ ಎರಡು ಪುಟ್ಟ ಕಾರುಗಳು ದೊಡ್ಡವರ ಪಂಕ್ತಿಗೆ ನುಗ್ಗಿದ ಮಕ್ಕಳಂತೆ ನಿಂತಿದ್ದವು.

ಮೊದಲು ಇವರದು ಏರಿತು. ಕಿಟಕಿಯೊಳಗಿನ ಕೆಂಪು ಅಂಕಿ ಏಳುನೂರ ನಲವತ್ತು ಎಂದಿತು. ಅದು ಇಳಿದ ಮೇಲೆ ನೆರೂಳದವರದು ಏರಿತು. ಏಳುನೂರ ನಲವತ್ತು.

"ಇನ್ನೊಂದ್ಸಲ ನೋಡಿ," ಎಂದರು ಇವರು. ಮತ್ತೊಮ್ಮೆ ತೂಗಿದರು. ಮತ್ತದೇ ಅಂಕಿ. ಇವರು ಜೇಬಿನಿಂದ ಸ್ಪ್ಯಾನರು ತೆಗೆದು, ಬ್ಯಾಟರಿಯನ್ನೇ ಬಿಚ್ಚಿ ಕೆಳಗಿಟ್ಟು ತಮ್ಮ ಕಾರನ್ನು ಕಟ್ಟೆಯ ಮೇಲೆ ತಳ್ಳಿಸಿದರು. ಆಗಲೂ ಏಳುನೂರ ನಲವತ್ತು. ಹಿಂದಿನ ಲಾರಿಯವರು ಹಾರ್ನು ಹೊಡೆಯತೊಡಗಿದರು. ಕಿಟಕಿಯಲ್ಲಿದ್ದವನು ಬೇಸರದಿಂದ, "ಸಾಬ್, ಯೇ ಟ್ರಕ್ ಕಾ ಕಾಂಟಾ ಹೈ. ಬೀಸ್ ಬೀಸ್ ಕಿಲೋ ಸೇ ಚಲ್ತಾ ಹೈ," ಎಂದ. ಇಪ್ಪತ್ತು ಕಿಲೋ ಆಚೀಚೆಯಾದರೆ ಮಾತ್ರ ಆ ಅಂಕಿ ಅಲುಗುತ್ತಿತ್ತು. ಅದಕ್ಕಿಂತ ಕಡಿಮೆಯಾದುದೆಲ್ಲ ಆ ಕಾಂಟಾದ ಪಾಲಿಗೆ ಇಲ್ಲವೇ ಇಲ್ಲ. ಭಗವಂತನ ತಕ್ಕಡಿಯ ಸೂಕ್ಷ್ಮತೆಯನ್ನೇ ವಿಚಾರಿಸಿದ್ದ ಮನುಷ್ಯ ಭಿವಂಡಿಯ ಕಾಂಟಾದ ಸೂಕ್ಷ್ಮತೆಯನ್ನು ವಿಚಾರಿಸಿರಲಿಲ್ಲ.

ಅವರು ನಿಧಾನವಾಗಿ ಗೆಳೆಯರ ಕಾರಿನ ಬಳಿಗೆ ನಡೆದು ಒಳಗೆ ಇಣುಕಿದರು. ನಾನೂ ಇಣುಕಿದೆ. ಎಡಗಡೆಯ ಸೀಟು ತನ್ನ ಸ್ಥಾನದಲ್ಲೇ ಇತ್ತು. ಅದರ ಮೇಲೆ ಕಸೂತಿ ಹಾಕಿದ ಸಣ್ಣ ದಿಂಬೂ ಇತ್ತು.

"ನೀನು ಸೀಟು ತೆಗ್ದಿಲ್ವಾ?"

"ಸೀಟು ತೆಗೆದ್ರೆ ನನ್ನ ಹೆಂಡ್ತಿ ಕೂರುದು ಎಲ್ಲಿ ಮಾರಾಯ?" ಎಂದರು ನೆರೂಳದವರು. "ಬಾನೆಟ್ಟಿನ ಮೇಲಾ?"

ಹಿಂದಿರುಗುವಾಗ ಕಲ್ಯಾಣದ ಸಿಗ್ನಲ್ಲಿನಲ್ಲಿ ಅಕ್ಕಪಕ್ಕ ನಿಂತರೂ ಅವರು ತಮ್ಮ ಕಡೆ ತಿರುಗಿ ನೋಡಲಿಲ್ಲವೆಂದು ಆಮೇಲೆ ಗೆಳೆಯರು ಹೇಳಿದರು. ನಾನು ಮನೆ ಮುಟ್ಟುವ ಹೊತ್ತಿಗೆ ಎದುರುಮನೆಯಾಕೆ ನಮ್ಮ ಮನೆಯಲ್ಲಿಯೇ ಕಾಯುತ್ತಿದ್ದರು. ನಡೆದುದನ್ನು ನಡೆದಂತೆ ಹೇಳಿದೆ. ಆಕೆ ಎಲ್ಲವನ್ನೂ ಕೇಳಿ, "ಹಾಗಾದ್ರೆ ಸೀಟು ಇದ್ದಿದ್ರೂ ಅಷ್ಟೇ ಬರ್ತಿತ್ತೋ ಏನೋ," ಎಂದರು. ಪ್ರಶ್ನೆಯಂತೆ ಆಡಿದ ಮಾತಲ್ಲ. ನನ್ನ ಮನೆಯವರು ಬಾಯಿ ತೆರೆದರು. ಪುಣ್ಯವಶಾತ್ ಮತ್ತೆ ಮುಚ್ಚಿದರು.

ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು, ಆದರೆ ತಡವಾಗಿ. ಏಕೆಂದರೆ ಸೀಟನ್ನು ನೆಲಕ್ಕೆ ಬಿಗಿಯುವ ಕಬ್ಬಿಣದ ಪಟ್ಟಿಗಳನ್ನೂ ತೂಕವೆಂದು ಕೊಯ್ದು ಎಸೆದಿದ್ದರು. ಶಹಾಡ್‌ನ ಒಬ್ಬ ವೆಲ್ಡರನ ಬಳಿ ಹೊಸ ಪಟ್ಟಿಗಳನ್ನು ಮಾಡಿಸಿ, ಸೀಟಿನ ಚರ್ಮಕ್ಕೆ ಎಣ್ಣೆ ಹಚ್ಚಿ, ಆ ತಿಂಗಳ ಸಂಕಷ್ಟಿಯ ಸಂಜೆ ಎಡಬಾಗಿಲು ತೆರೆದು ಹಿಡಿದು ಕೆಳಗೆ ನಿಂತರು. ಕಟ್ಟಡದವರೆಲ್ಲ ಗ್ಯಾಲರಿಗೆ ಬಂದರು. ಆಕೆ ಗರಿಕೆಯ ಪೊಟ್ಟಣ ಹಿಡಿದು ಇಳಿದರು. ಕಾರಿನ ಬಳಿ ನಿಂತರು. ನಾನು ಪಕ್ಕದಲ್ಲೇ ಇದ್ದೆ.

"ಬೇಡ," ಎಂದರು. "ನಾನು ಕೂತ್ರೆ ಮತ್ತೆ ಒಂದು ಬೆರಳು ಇಳಿಯುತ್ತೆ. ಅಲ್ದೆ ಐದೂ ಹತ್ತರ ಲೋಕಲ್‌ನಲ್ಲಿ ನಮ್ಮ ಭಜನೆಯವರು ಜಾಗ ಹಿಡಿದಿರ್ತಾರೆ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಪತಿಗೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಗೇಟು ದಾಟಿ ಸ್ಟೇಷನ್ನಿನ ಕಡೆ ನಡೆದುಹೋದರು. ಇಷ್ಟು ವರ್ಷಗಳಲ್ಲಿ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಆಕೆಗೆ ತಾಳ ಹಾಕುವ, ಅಭಂಗ ಹೇಳುವ, ಮೊಣಕಾಲಿಗೆ ಎಣ್ಣೆ ಸೂಚಿಸುವ ಒಂದು ಬಳಗವೇ ಆಗಿತ್ತು. ಅದನ್ನು ನಮ್ಮ ಅಳತೆಗಾರರು ಗಮನಿಸಿರಲಿಲ್ಲ.

ಅವರು ತೆರೆದ ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದರು. ಅನಂತರ ನನ್ನ ಕಡೆ ನೋಡಿ, "ಆಚಾರ್ರೆ, ನೀವಾದ್ರೂ ಬನ್ನಿ," ಎಂದರು. ಹೋದೆ. ನೆಲಹಾಸಿಲ್ಲದ ತಗಡು ಕಾದು ಪಾದ ಸುಟ್ಟಿತು, ಗಾಜಿಲ್ಲದ ಕಿಟಕಿಯಿಂದ ಧೂಳು ನುಗ್ಗಿತು, ಎಂಜಿನ್ನಿನ ಗರ್ಜನೆಯಲ್ಲಿ ನನ್ನ ಜಪವೇ ನನಗೆ ಕೇಳಿಸಲಿಲ್ಲ. ಟಿಟ್ವಾಳಾದಲ್ಲಿ ಗುಡಿಯ ಹೊರಗೆ ಚಪ್ಪಲಿ ಬಿಡುವಾಗ, ತಮ್ಮ ಬಳಗದೊಂದಿಗೆ ನಗುನಗುತ್ತಾ ಹೊರಬರುತ್ತಿದ್ದ ಪತ್ನಿಯನ್ನು ಅವರು ಕಂಡರು. ಕಂಬದ ಮರೆಗೆ ಸರಿದು ನಿಂತರು. ಅವರನ್ನು ಬೈಯಬೇಕೆಂದು ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಅಲ್ಲಿಯೇ ವ್ಯರ್ಥವಾದವು.

ಮುಂದಿನ ಸಂಕಷ್ಟಿಯಿಂದ ಅವರೂ ಲೋಕಲ್ಲಿನಲ್ಲಿಯೇ ಹೋಗತೊಡಗಿದರು. ಆಕೆ ಹೆಂಗಸರ ಡಬ್ಬಿ, ಇವರು ಪಕ್ಕದ ಡಬ್ಬಿ. ಟಿಟ್ವಾಳಾದಲ್ಲಿ ಇಳಿದ ಮೇಲೆ ಆಕೆಯ ಚೀಲವನ್ನು ಇವರು ಹಿಡಿಯುತ್ತಿದ್ದರು. ಚೀಲದ ತೂಕದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲವೆಂದು ಆಕೆಯೇ ನನ್ನ ಮನೆಯವರಿಗೆ ಹೇಳಿದರಂತೆ. ಕಾರಿಗೆ ತಾಡಪತ್ರಿ ಹೊದಿಸಿದರು. ಆದರೂ ಪ್ರತಿ ಸಂಕಷ್ಟಿಯ ಮಧ್ಯಾಹ್ನ ಕೆಳಗಿಳಿದು ಎಡಸೀಟಿನ ಧೂಳೊರೆಸಿ ಬರುತ್ತಿದ್ದರು. "ಕಾರಿನಲ್ಲಿ ಬಾ ಎಂದು ಒಂದು ಸಲ ಬಾಯಿಬಿಟ್ಟು ಕೇಳಿ," ಎಂದು ನಾನು ಎಷ್ಟು ಸಾರಿ ಹೇಳಿದೆನೋ ಲೆಕ್ಕವಿಲ್ಲ. "ಕೇಳೋಣ ಆಚಾರ್ರೆ, ಮೊದಲು ಆ ನೆಲಹಾಸು ಹಾಕಿಬಿಡ್ತೀನಿ," ಎನ್ನುವರು. ನೆಲಹಾಸು ನಮ್ಮ ಗ್ಯಾಲರಿಯಲ್ಲೇ ಉಳಿಯಿತು. ಒಂದು ಮುಂಜಾನೆ ಹಾಲು ತರಲು ಹೋದವರು ಮೆಟ್ಟಿಲ ಮೇಲೆ ಕುಸಿದರು. ನಾವು ನಾಲ್ಕು ಜನ ಸೇರಿ ಎತ್ತಿದೆವು. ಅಷ್ಟು ಹಗುರವಾಗಿದ್ದಾರೆಂದು ನನಗೆ ತಿಳಿದಿರಲಿಲ್ಲ.

ಕಾರು ನೆರೂಳದ ಗೆಳೆಯರಿಗೆ ಸೇರಬೇಕೆಂದು ಅವರು ಎಂದೋ ಹೇಳಿದ್ದರು. ವರ್ಷ ತುಂಬುವವರೆಗೂ ಅದನ್ನು ಯಾರೂ ಮುಟ್ಟಲಿಲ್ಲ. ಕಳೆದ ತಿಂಗಳು ಗೆಳೆಯರು ಬಂದು, ಎಂಜಿನ್ನು ರಿಪೇರಿ ಮಾಡಿಸಿ, ತಾಡಪತ್ರಿ ತೆಗೆದರು. ನೆಲಹಾಸನ್ನು ಹಾಕಿಯೇ ಒಯ್ಯಬೇಕೆಂದು ನಾನು ಹಟ ಹಿಡಿದೆ. ವಾಚ್‌ಮನ್ ಬಂಪರು, ಗಾಜು, ಹೀಟರುಗಳನ್ನು ಟೆಂಪೊಗೆ ಏರಿಸಿದ. ಹಿತ್ತಾಳೆಯ ಗಣಪತಿಯನ್ನು ನಾನೇ ತಂದು ಅವನ ಮೊದಲಿನ ಜಾಗದಲ್ಲಿ ಕೂಡಿಸಿದೆ.

ಅದು ಸಂಕಷ್ಟಿಯ ಸಂಜೆಯಾಗಿತ್ತು. ಎದುರುಮನೆಯಾಕೆ ಗರಿಕೆಯ ಪೊಟ್ಟಣ ಹಿಡಿದು ಇಳಿದುಬಂದರು.

"ಸ್ಟೇಷನ್ನಿಗಾ ಅಕ್ಕ?" ಎಂದರು ನೆರೂಳದವರು.

ಆಕೆ ಕಾರನ್ನು, ಅದರೊಳಗಿನ ನೆಲಹಾಸನ್ನು, ಗಣಪತಿಯನ್ನು ನೋಡಿದರು. "ನಿಮಗೆ ಟಿಟ್ವಾಳಾ ಸುತ್ತಾಗುತ್ತೇನೋ?"

"ಎಂತ ಸುತ್ತು? ನೆರೂಳಕ್ಕೆ ಹೋಗುದು ಅದೇ ದಾರಿಯಲ್ಲಿ."

ನೆರೂಳವಿರುವುದು ದಕ್ಷಿಣಕ್ಕೆ, ಟಿಟ್ವಾಳಾ ಉತ್ತರಕ್ಕೆ. ಜೀವಮಾನವಿಡೀ ಸತ್ಯವನ್ನು ಬೋಧಿಸಿದ ನಾನು ಬಾಯಿ ತೆರೆಯಲಿಲ್ಲ. ಗೆಳೆಯರು ಎಡಬಾಗಿಲು ತೆರೆದರು. ಆಕೆ ಸೆರಗನ್ನು ಸಾವರಿಸಿಕೊಂಡು, ಒಂದು ಕೈಯಿಂದ ಮೊಣಕಾಲು ಹಿಡಿದು, ಮೆಲ್ಲನೆ ಕುಳಿತರು.

ಆ ಹೊತ್ತಿಗೆ ನಾನು ಎಡಚಕ್ರದ ಬಳಿ ಕುಕ್ಕುರುಗಾಲಿನಲ್ಲಿದ್ದೆ. ಹೇಗೆ ಕುಳಿತೆನೋ, ಕೈಯನ್ನು ಯಾವಾಗ ಇಟ್ಟೆನೋ ನನಗೇ ತಿಳಿಯದು. ನಾಲ್ಕು ಬೆರಳಿದ್ದದ್ದು ಮೂರಾಯಿತು.

"ಅಳೆದಿದ್ದು ಆಯ್ತಾ ಆಚಾರ್ರೆ?" ಎಂದು ಒಳಗಿನಿಂದ ಆಕೆ ಕೇಳಿದರು. "ಹೊರಡ್ತೀವಿ ಇನ್ನು. ಚಂದ್ರ ಬಂದುಬಿಡ್ತಾನೆ."